ಸಿನಿಮಾ ಹೋಗಲಿ, ನಾಟಕದ ಸಿಡಿ ಇರಲಿ

ದೀಪಾವಳಿ ಹತ್ತಿರ ಬಂತೆಂದರೆ ನಮ್ಮ ಕಡೆ ಮನೆಮನೆಯಲ್ಲೂ ಅಟ್ಟದ ಸಾಮಾನು ಕೆಳಗಿಳಿಯುತ್ತದೆ. ತೂತು ಬಿದ್ದ ಕೊಡ, ಕಾಲು ಮುರಿದ ಕುರ್ಚಿ, ಹರಿದ ಹಾಸಿಗೆ. ಅವುಗಳ ಜೊತೆ ಸಿಡಿ ತುಂಬಿದ ಒಂದು ಟ್ರಂಕು ಕೂಡ ಪ್ರತಿವರ್ಷ ಇಳಿಯುತ್ತದೆ, ಧೂಳು ಒರೆಸಿಕೊಳ್ಳುತ್ತದೆ, ಮತ್ತೆ ಮೇಲೇರುತ್ತದೆ. ನೋಡೋಣವೆಂದರೆ ಪ್ಲೇಯರ್ ಕೆಟ್ಟಿದೆ. ಒಗೆಯೋಣವೆಂದರೆ ಮನಸ್ಸು ಬರುವುದಿಲ್ಲ.

ಈ ಸಲ ಅದನ್ನು ಮೇಲೇರಿಸಬೇಡಿ ಎನ್ನುವುದು ನಮ್ಮ ಮಾತು. ಟ್ರಂಕು ಬಿಚ್ಚಿ, ಮುಕ್ಕಾಲು ಪಾಲು ಹೊರಗೆ ಹಾಕಿ. ಆದರೆ ಯಾವ ಮುಕ್ಕಾಲು ಪಾಲು ಅನ್ನುವುದರಲ್ಲಿ ಜನ ತಪ್ಪುತ್ತಿದ್ದಾರೆ. ಹೀರೋ ಫೋಟೋ ಇರುವ, ಚಂದದ ಕವರಿನ ಸಿನಿಮಾ ಸಿಡಿಗಳನ್ನು ಎತ್ತಿಡುತ್ತಾರೆ. ಕವರಿಲ್ಲದ, ಮೇಲೆ ಸ್ಕೆಚ್ ಪೆನ್ನಿನಲ್ಲಿ ಏನೋ ಗೀಚಿದ ಬರೀ ಸಿಡಿಗಳನ್ನು ಗುಜರಿಯವನ ಚೀಲಕ್ಕೆ ಸುರಿಯುತ್ತಾರೆ. ಆಗಬೇಕಾದ್ದು ಇದರ ಉಲ್ಟಾ.

ವರದಿಗೆಂದು ಊರೂರು ತಿರುಗುವವರು ನಾವು. ಒಂದು ಗೋವಿನಜೋಳದ ಹೊಲದಲ್ಲಿ ಹಕ್ಕಿ ಓಡಿಸಲು ದಾರಕ್ಕೆ ಕಟ್ಟಿದ ಸಿಡಿಗಳು ತೂಗುತ್ತಿದ್ದವು. ಒಂದರ ಮೇಲೆ ‘ಮದುವೆ, ಭಾಗ 1’ ಅಂತ ಬರೆದಿತ್ತು. ಭಾಗ 2 ಪಕ್ಕದ ಗೂಟದಲ್ಲಿತ್ತು. ಸಿನಿಮಾದ ಒಂದು ಸಿಡಿಯೂ ಆ ಹೊಲದಲ್ಲಿ ಇರಲಿಲ್ಲ.

ಈ ವಿಷಯ ಬರೆಯಲು ಕಾರಣ ನಮ್ಮ ಮನೆಯದೇ ಟ್ರಂಕು. ನಮ್ಮ ದೊಡ್ಡಪ್ಪ ಹಾನಗಲ್ ತಾಲೂಕಿನ ನಮ್ಮೂರಲ್ಲಿ ವಿಡಿಯೋ ಬಾಡಿಗೆ ಕೊಡುತ್ತಿದ್ದವರು. ಮೂವತ್ತು ದಾಟಿದವರಿಗೆ ಬಿಡಿಸಿ ಹೇಳಬೇಕಿಲ್ಲ. ತೊಟ್ಟಿಲ ಕಾರ್ಯ, ಗಣಪತಿ ಹಬ್ಬ, ಏನಿದ್ದರೂ ಒಂದು ಕಲರ್ ಟಿವಿ, ಒಂದು ಡೆಕ್ಕು, ಮೂರು ಕ್ಯಾಸೆಟ್ಟು. ರಾತ್ರಿ ಊಟವಾದ ಮೇಲೆ ಅಂಗಳದಲ್ಲಿ ಚಾಪೆ ಹಾಸಿದರೆ ಬೆಳಗಿನ ಜಾವ ಕೋಳಿ ಕೂಗುವ ತನಕ ಸಿನಿಮಾ. ನಡುವೆ ಕರೆಂಟ್ ಹೋದರೆ ಯಾರೂ ಮನೆಗೆ ಹೋಗುತ್ತಿರಲಿಲ್ಲ, ಅಲ್ಲೇ ಮಲಗುತ್ತಿದ್ದರು. ಆಮೇಲೆ ಡೆಕ್ಕು ಹೋಗಿ ಸಿಡಿ ಬಂತು. 2007ರ ಹೊತ್ತಿಗೆ ಮೋಸರ್ ಬೇರ್ ಕಂಪನಿ 28 ರೂಪಾಯಿಗೆ ವಿಸಿಡಿ, 34 ರೂಪಾಯಿಗೆ ಡಿವಿಡಿ ಅಂತ ಮಾರುಕಟ್ಟೆಗೆ ಇಳಿದಾಗ ಬಾಡಿಗೆಗೆ ತರುವ ಬದಲು ಜನ ಕೊಂಡೇ ತಂದರು. ದೊಡ್ಡಪ್ಪನೂ ಕೊಂಡರು, ಚೀಲಗಟ್ಟಲೆ. ಮುಂದೆ ಮೆಮೊರಿ ಕಾರ್ಡಿಗೆ ಸಿನಿಮಾ ತುಂಬಿಸುವ ಕಾಲ, 2016ರಲ್ಲಿ ಜಿಯೋ. ಅಲ್ಲಿಗೆ ಅಂಗಡಿ ಬಾಗಿಲು ಹಾಕಿತು. ಸರಕು ಅಟ್ಟ ಹತ್ತಿತು.

ಈಗ ದೊಡ್ಡಪ್ಪ ಇಲ್ಲ. ಹಿಸ್ಸೆಯಾಗಿ ಹಂಚಿನ ಮನೆ ಬಿಚ್ಚುವ ಮಾತು ನಡೆದಿದೆ, ಹೊಸ ಆರ್‌ಸಿಸಿ ಮನೆಗೆ ಅಟ್ಟವೇ ಇಲ್ಲ. ನಾವು ಅಣ್ಣತಮ್ಮಂದಿರು ಕೂತು ಎಣಿಸಿದೆವು. ಮೂರು ಟ್ರಂಕು, ಎರಡು ಗೋಣಿಚೀಲ. 712 ಸಿಡಿ-ಡಿವಿಡಿ, 46 ಕ್ಯಾಸೆಟ್ಟು.

ದೊಡ್ಡಪ್ಪನ ಮಗ, ನಮಗೆಲ್ಲ ಹಿರಿಯ ಅಣ್ಣ, ಒಂದೇ ಮಾತಿನಲ್ಲಿ ಮುಗಿಸಿದ. “ಎಲ್ಲಾ ಯೂಟ್ಯೂಬಿನ್ಯಾಗ ಐತಿ. ಒಟ್ಟ ಗುಜರಿಗೆ ಹಾಕ್ರಿ.” ದೊಡ್ಡವ್ವ ಬಾಗಿಲಲ್ಲಿ ಕೂತು ಬೇರೆ ಹೇಳಿದಳು. “ಅವ್ರು ಜೀವ ಇಟ್ಕೊಂಡಿದ್ರಪಾ ಅದರ ಮ್ಯಾಲೆ. ಹಾಕೂದಾದ್ರ ಹಾಕ್ರಿ, ಆದ್ರ ಏನ್ ಐತಿ ಅಂತ ನೋಡಿ ಹಾಕ್ರಿ.”

ನಾವು ದೊಡ್ಡವ್ವನ ಮಾತು ಕೇಳಿದೆವು. ಆದರೆ ಅಣ್ಣ ಹೇಳಿದ್ದರಲ್ಲೂ ಮುಕ್ಕಾಲು ಸತ್ಯವಿದೆ, ಮೊದಲು ಅದನ್ನೇ ಹೇಳಿಬಿಡುತ್ತೇವೆ.

ಹಳೆಯ ವಿಸಿಡಿಯಲ್ಲಿ ಚಿತ್ರದ ಅಳತೆ 352 ಚುಕ್ಕಿ ಅಗಲ, 288 ಚುಕ್ಕಿ ಎತ್ತರ. ಇವತ್ತು ಸಾಧಾರಣ ಫೋನಿನಲ್ಲಿ ತೆಗೆಯುವ ಫುಲ್ ಎಚ್‌ಡಿ ವಿಡಿಯೋದಲ್ಲಿ ಅದಕ್ಕಿಂತ ಇಪ್ಪತ್ತು ಪಟ್ಟು ಹೆಚ್ಚು ಚುಕ್ಕಿಗಳಿರುತ್ತವೆ. ಅಂಗಳದ 21 ಇಂಚಿನ ಟಿವಿಗೆ ಅದು ಸಾಕಿತ್ತು. ಈಗಿನ ಟಿವಿಗೆ ಹಾಕಿದರೆ ಹೀರೋ ಮುಖ ಇಟ್ಟಂಗಿ ಜೋಡಿಸಿದಂತೆ ಕಾಣುತ್ತದೆ. ಒಂದು ಸಿಡಿಯಲ್ಲಿ ಹಿಡಿಯುತ್ತಿದ್ದದ್ದು ಸುಮಾರು 74ರಿಂದ 80 ನಿಮಿಷ. ಹಾಗಾಗಿ ಒಂದು ಸಿನಿಮಾಕ್ಕೆ ಎರಡು ಅಥವಾ ಮೂರು ಸಿಡಿ. ನಮ್ಮ ಟ್ರಂಕಿನಲ್ಲಿ ಮೊದಲ ಸಿಡಿ ಇದ್ದು ಎರಡನೆಯದು ಇಲ್ಲದ ಸಿನಿಮಾಗಳೇ ಒಂದು ರಾಶಿ. ಇಂಟರ್‌ವಲ್ ತನಕ ಪ್ರೀತಿ, ಆಮೇಲೆ ಏನಾಯಿತೋ ದೇವರೇ ಬಲ್ಲ. ಇಂಥವನ್ನು ಇಟ್ಟುಕೊಂಡು ಮಾಡುವುದೇನು?

ಇನ್ನು ಜಾತ್ರೆಯ ಗಾಡಿಯಲ್ಲಿ ಸಿಗುತ್ತಿದ್ದ ‘ಒಂದರಲ್ಲಿ ಐದು’ ಡಿವಿಡಿಗಳು. ಥೇಟರಿನಲ್ಲಿ ಕದ್ದು ಶೂಟ್ ಮಾಡಿದ ಪ್ರಿಂಟು, ಪರದೆಯ ಮುಂದೆ ಯಾರೋ ಎದ್ದು ಹೋಗುವ ನೆರಳು, ಕ್ಲೈಮ್ಯಾಕ್ಸಿನಲ್ಲಿ ಹಿಂದಿನ ಸೀಟಿನವರ ಕೆಮ್ಮು. ಅವು ಮೊದಲ ಸುತ್ತಿನಲ್ಲೇ ಹೋಗಬೇಕು. ಅದಕ್ಕೆ ಚರ್ಚೆ ಬೇಡ.

ಅಭಿಮಾನಿಗಳು ಇಲ್ಲಿ ತಕರಾರು ತೆಗೆಯುತ್ತಾರೆ. ಅಣ್ಣಾವ್ರ ಮುಖ ಇರುವ ಸಿಡಿಯನ್ನು ಗುಜರಿಗೆ ಹಾಕುತ್ತೀರಾ? ನಮ್ಮ ಮನೆಯಲ್ಲೂ ಈ ಪ್ರಶ್ನೆ ಬಂತು. ‘ಬಂಗಾರದ ಮನುಷ್ಯ’ 1972ರ ಸಿನಿಮಾ, ಇವತ್ತು ಯಾವ ಫೋನಿನಲ್ಲಾದರೂ ನೋಡಬಹುದು. ಲೆಕ್ಕದ ಪ್ರಕಾರ ಹೋಗಬೇಕಿತ್ತು. ಹೋಗಲಿಲ್ಲ. ಒಕ್ಕಲುತನದ ಮನೆಯಲ್ಲಿ ಆ ಒಂದು ಸಿಡಿ ಇರಲಿ ಅಂತ ಎಲ್ಲರೂ ಸುಮ್ಮನಾದೆವು. ಅಂಥದ್ದು ನಿಮ್ಮಲ್ಲೂ ಒಂದೆರಡು ಇರುತ್ತವೆ, ಇಟ್ಟುಕೊಳ್ಳಿ. ಅದು ದೇವರ ಫೋಟೋ ಇಟ್ಟುಕೊಂಡ ಹಾಗೆ, ನೋಡುವುದಕ್ಕಲ್ಲ. ಆದರೆ ಐವತ್ತು ಇಟ್ಟುಕೊಂಡರೆ ಮತ್ತೆ ಟ್ರಂಕು ತುಂಬಿತು.

ಅಣ್ಣನ ಮಾತಿನಲ್ಲಿ ಸುಳ್ಳಾದ ಕಾಲುಭಾಗವೂ ಇದೆ. ಯೂಟ್ಯೂಬಿನಲ್ಲಿ ಎಲ್ಲವೂ ಇಲ್ಲ. ಇದ್ದದ್ದು ಇದ್ದೇ ಇರುತ್ತದೆ ಅಂತಲೂ ಇಲ್ಲ. ಹಕ್ಕಿನ ಜಗಳಕ್ಕೋ ಇನ್ನೊಂದಕ್ಕೋ ಇವತ್ತು ಕಂಡ ಸಿನಿಮಾ ನಾಳೆ ಮಾಯವಾಗುವುದುಂಟು. ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’ 1934ರಲ್ಲಿ ಬಿಡುಗಡೆಯಾಯಿತು. ಅದರ ಒಂದು ಪ್ರಿಂಟೂ ಇವತ್ತು ಉಳಿದಿಲ್ಲ. ಸಿನಿಮಾ ಕಾಪಾಡಲೆಂದೇ 1964ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾಯಿತು. ಅದೇ ಪುಣೆಯಲ್ಲಿ 2003ರಲ್ಲಿ ಬೆಂಕಿ ಬಿದ್ದು ಹಳೆಯ ನೈಟ್ರೇಟ್ ರೀಲುಗಳು ಸುಟ್ಟವು. ದೊಡ್ಡ ಮನೆಯಲ್ಲೇ ಹೀಗಾದರೆ ಉಳಿದವರ ಪಾಡೇನು?

ಹಾಗಂತ ನಮ್ಮ ಅಟ್ಟದ ವಿಸಿಡಿಗಳಿಂದ ಕನ್ನಡ ಚಿತ್ರರಂಗ ಉಳಿಯುತ್ತದೆ ಅನ್ನುವ ಭ್ರಮೆಯೂ ಬೇಡ. ನಾವು ಮಾಡಿದ್ದಿಷ್ಟು. ಪ್ರತಿ ಸಿನಿಮಾದ ಹೆಸರನ್ನೂ ಫೋನಿನಲ್ಲಿ ಹುಡುಕಿದೆವು. ಇಡೀ ಸಿನಿಮಾ ಸಿಕ್ಕಿದರೆ ಸಿಡಿ ಗುಜರಿಗೆ. ಬರೀ ಹಾಡು ಸಿಕ್ಕಿ ಸಿನಿಮಾ ಸಿಗದಿದ್ದರೆ ಸಿಡಿ ಪಕ್ಕಕ್ಕೆ. ಹೀಗೆ ಪಕ್ಕಕ್ಕೆ ಬಂದವು ಹನ್ನೊಂದು. ಒಂದೂ ದೊಡ್ಡ ಸಿನಿಮಾ ಅಲ್ಲ, ಒಂದು ವಾರ ಓಡಿದವೋ ಇಲ್ಲವೋ. ಆದರೂ ಇಟ್ಟೆವು. ಅವುಗಳನ್ನು ನಾವೇ ಯೂಟ್ಯೂಬಿಗೆ ಏರಿಸುತ್ತೇವೆ ಅಂತ ಹೊರಡಬೇಡಿ. ನಮ್ಮ ದೇಶದ ಕಾಯ್ದೆಯಲ್ಲಿ ಸಿನಿಮಾದ ಹಕ್ಕು ಬಿಡುಗಡೆಯಾದ ಮರುವರ್ಷದಿಂದ 60 ವರ್ಷ ಇರುತ್ತದೆ.

ಸಿನಿಮಾದ ಮಾತು ಇಲ್ಲಿಗೆ ಸಾಕು. ನಿಜವಾದ ಕೆಲಸ ಇರುವುದು ಕವರಿಲ್ಲದ ಸಿಡಿಗಳಲ್ಲಿ.

ನಮ್ಮ ಚೀಲದ ತಳದಲ್ಲಿ ಅಂಥವು ಎಪ್ಪತ್ತಕ್ಕೂ ಹೆಚ್ಚು ಸಿಕ್ಕವು. ದೊಡ್ಡಪ್ಪನಿಗೆ ಪ್ಲೇಯರ್ ಇದ್ದ ಕಾರಣ ಊರವರು ತಮ್ಮ ಮದುವೆ ಸಿಡಿ ತಂದು ಹಾಕಿಸಿ ನೋಡಿ, ಅಲ್ಲೇ ಬಿಟ್ಟು ಹೋಗುತ್ತಿದ್ದರು. ಜಾತ್ರೆಯಲ್ಲಿ ಆಡಿದ ನಾಟಕಗಳದ್ದೂ ಇದ್ದವು. ಹಾವೇರಿ ಕಡೆಯ ಊರುಗಳಲ್ಲಿ ಜಾತ್ರೆಯೆಂದರೆ ಸಾಮಾಜಿಕ ನಾಟಕ ಇರಲೇಬೇಕು. ಊರ ಹುಡುಗರು ಎರಡು ತಿಂಗಳು ತಾಲೀಮು ಮಾಡಿ, ಹೊರಗಿನಿಂದ ಪಾತ್ರಧಾರಿಣಿಯರನ್ನು ಕರೆಸಿ, ಸೀನು-ಸೀನರಿ ಬಾಡಿಗೆಗೆ ತಂದು ಆಡುವ ನಾಟಕ. ಅದನ್ನು ಪಟ್ಟಣದ ಸ್ಟುಡಿಯೋದವರು ಶೂಟ್ ಮಾಡಿ ಎರಡೋ ಮೂರೋ ಸಿಡಿ ಮಾಡಿ ಕೊಡುತ್ತಿದ್ದರು. ಹತ್ತಿಪ್ಪತ್ತು ಪ್ರತಿ ಮಾಡಿದ್ದರೆ ಹೆಚ್ಚು.

ಆ ನಾಟಕ ಯಾವ ಯೂಟ್ಯೂಬಿನಲ್ಲೂ ಇಲ್ಲ. ಪೇಟಿ ನುಡಿಸಿದ ಮಾಸ್ತರರು ಇವತ್ತಿಲ್ಲ. ನಾಟಕದ ಕೈಬರಹದ ಪ್ರತಿ ಯಾರ ಮನೆಯಲ್ಲಿ ಗೆದ್ದಲು ಹತ್ತಿತೋ ತಿಳಿಯದು. ಗೌಡನ ಪಾರ್ಟು ಮಾಡಿದವ ಈಗ ಬೆಂಗಳೂರಿನಲ್ಲಿ ಸೆಕ್ಯೂರಿಟಿ ಕೆಲಸದಲ್ಲಿದ್ದಾನೆ. ಅವನ ಮಗಳಿಗೆ ಅಪ್ಪ ನಾಟಕ ಮಾಡುತ್ತಿದ್ದ ಅನ್ನುವುದೇ ಗೊತ್ತಿರಲಿಲ್ಲ. ಎರಡು ನಿಮಿಷದ ತುಣುಕು ಕಳಿಸಿದೆವು. ಅವನು ಫೋನ್ ಮಾಡಿ ಮೊದಲು ಕೇಳಿದ್ದು, “ನಮ್ಮಪ್ಪ ಮುಂದಿನ ಸಾಲಿನ್ಯಾಗ ಕುಂತಿದ್ದ, ಕ್ಯಾಮೆರಾ ಆ ಕಡೆ ತಿರುಗೈತೇನ್ರಿ?”

ತಿರುಗಿದೆ. ನಾಲ್ಕು ಸೆಕೆಂಡು.

ಮದುವೆ ವಿಡಿಯೋದ ಕತೆ ಇನ್ನೂ ಸಂಕಟದ್ದು. ನಮ್ಮ ಕಡೆ ಮದುವೆಯಲ್ಲಿ ಸುರಗಿ ನೀರು ಹಾಕುವಾಗ ಹೆಣ್ಣುಮಕ್ಕಳು ಸೋಬಾನ ಪದ ಹಾಡುತ್ತಾರೆ. ಮನೆ ತುಂಬಿಸಿಕೊಳ್ಳುವಾಗ ಗಂಡನ ಹೆಸರು ಹೇಳಲು ಒಡಪು ಹಾಕುತ್ತಾರೆ. ಒಬ್ಬೊಬ್ಬ ಮುದುಕಿಯ ಬಾಯಲ್ಲಿ ನೂರಾರು ಇರುತ್ತಿದ್ದವು. ನಾವು ಇಪ್ಪತ್ತು ಮದುವೆ ಡಿವಿಡಿ ಹಾಕಿ ನೋಡಿದೆವು. ಎಲ್ಲದರಲ್ಲೂ ಅಜ್ಜಿಯರ ಬಾಯಿ ಅಲುಗಾಡುತ್ತದೆ, ಕೇಳುವುದು ಮಾತ್ರ ಸಿನಿಮಾ ಹಾಡು. ಎಡಿಟಿಂಗ್ ಮಾಡಿದವರು ಮೂಲ ದನಿ ತೆಗೆದು ಆ ವರ್ಷದ ಹಿಟ್ ಹಾಡು ಹಾಕಿದ್ದಾರೆ. ಅವರನ್ನು ಬೈದು ಫಲವಿಲ್ಲ, ಆಗ ನಾವೆಲ್ಲ ಕೇಳುತ್ತಿದ್ದದ್ದೂ ಅದನ್ನೇ. ಗುಲಾಬಿ ಹೂವಿನೊಳಗೆ ಮದುಮಗಳ ಮುಖ ತಿರುಗದಿದ್ದರೆ ದುಡ್ಡು ಕೊಡಲು ತಕರಾರು ಮಾಡುತ್ತಿದ್ದ ಜನ ನಾವು.

ಮೂಲ ದನಿ ಉಳಿದಿದ್ದು ಅದಕ್ಕೂ ಹಳೆಯ ಕ್ಯಾಸೆಟ್ಟುಗಳಲ್ಲಿ. 46 ಕ್ಯಾಸೆಟ್ಟಿನಲ್ಲಿ ಆರು ಮಾತ್ರ ಮದುವೆಯವು, ಉಳಿದವು ಸಿನಿಮಾ. ಆ ಆರರಲ್ಲಿ ಒಂದು ನಮ್ಮ ಸೋದರತ್ತೆಯ ಮದುವೆ, 1994. ಎಡಿಟಿಂಗ್ ಇಲ್ಲ, ಹೂವಿಲ್ಲ, ಹಾಡಿಲ್ಲ. ಪಾತ್ರೆ ಸದ್ದು, ಮಕ್ಕಳ ಅಳು, ಊದುವವರ ಗದ್ದಲ, ಅದರ ನಡುವೆ ನಮ್ಮ ಅಜ್ಜಿಯ ಸೋಬಾನ ಪದ, ಹನ್ನೆರಡು ನಿಮಿಷ. ಅಜ್ಜಿಯ ದನಿ ಬೇರೆಲ್ಲೂ ಇಲ್ಲ. ದೊಡ್ಡವ್ವ ಅದನ್ನು ಕೇಳುತ್ತ, ಕ್ಯಾಸೆಟ್ಟಿನಲ್ಲಿ ಅಜ್ಜಿ ಮರೆತು ಬಿಟ್ಟ ಒಂದು ಸಾಲನ್ನು ತಾನೇ ಹೇಳಿಕೊಟ್ಟಳು. ಆಗ ಗೊತ್ತಾಯಿತು, ದೊಡ್ಡವ್ವನಿಗೂ ಬರುತ್ತದೆ ಅಂತ. ಅವಳದ್ದನ್ನು ಅವತ್ತೇ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆವು.

ಈಗ ಅವಸರ ಯಾಕೆ ಅನ್ನುವುದನ್ನು ಹೇಳಬೇಕು.

ಸಿಡಿಯ ಕೆಳಮೈ ನೋಡಿ. ಕಂಪನಿಯ ಸಿನಿಮಾ ಸಿಡಿ ಬೆಳ್ಳಗೆ ಬೆಳ್ಳಿಯಂತೆ ಇರುತ್ತದೆ. ಅದನ್ನು ಅಚ್ಚಿನಲ್ಲಿ ಒತ್ತಿ ತೆಗೆದಿರುತ್ತಾರೆ, ಗೀರು ಬೀಳದಿದ್ದರೆ ಬಹಳ ವರ್ಷ ಬಾಳುತ್ತದೆ. ಸ್ಟುಡಿಯೋದವರು ಕಂಪ್ಯೂಟರಿನಲ್ಲಿ ಬರ್ನ್ ಮಾಡಿದ ಸಿಡಿಯ ಕೆಳಮೈಗೆ ಹಸಿರು, ನೀಲಿ ಅಥವಾ ನೇರಳೆ ಛಾಯೆ ಇರುತ್ತದೆ. ಅದರೊಳಗೆ ಬಣ್ಣದ ತೆಳು ಪದರವೊಂದಿದ್ದು, ಲೇಸರ್ ಬೆಳಕಿನಿಂದ ಅದರ ಮೇಲೆ ಬರೆದಿರುತ್ತಾರೆ. ಬಿಸಿಲು, ಸೆಖೆ ತಗುಲಿದರೆ ಆ ಬಣ್ಣ ಮಾಸುತ್ತದೆ. ಅಂದರೆ ಎಲ್ಲೆಡೆ ಸಿಗುವ ಸಿನಿಮಾ ಗಟ್ಟಿ ಸಿಡಿಯಲ್ಲಿದೆ, ಎಲ್ಲೂ ಸಿಗದ ನಾಟಕ ಮಾಸುವ ಸಿಡಿಯಲ್ಲಿದೆ. ಅದನ್ನು ನಾವು ಕಾದ ಹಂಚಿನ ಕೆಳಗೆ ಇಪ್ಪತ್ತು ಬೇಸಿಗೆ ಇಟ್ಟಿದ್ದೇವೆ.

ಸಿಡಿಯ ಮೇಲಿನ ಮೈಗೂ ಜೋಪಾನ ಬೇಕು. ಕೆಳಗೆ ಗೀರು ಬಿದ್ದರೆ ಒರೆಸಿ ಸರಿಮಾಡಬಹುದು. ಆದರೆ ಮಾಹಿತಿ ಇರುವ ಪದರ ಹೆಸರು ಬರೆಯುವ ಬದಿಗೇ ಹತ್ತಿರ, ಮೇಲೆ ಬರೀ ತೆಳು ಲೇಪ. ಬಾಲ್‌ಪೆನ್ನಿನಿಂದ ಒತ್ತಿ ಬರೆದರೂ, ಅಂಟಿಸಿದ ಮದುವೆ ಸ್ಟಿಕ್ಕರ್ ಕೀಳಲು ಹೋದರೂ ಪದರವೇ ಎದ್ದು ಬರಬಹುದು. ಸ್ಟಿಕ್ಕರ್ ಮುಟ್ಟಬೇಡಿ.

ಕ್ಯಾಸೆಟ್ಟಿನದು ಇನ್ನೂ ಕಷ್ಟ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರ ಜುಲೈನಲ್ಲಿ ನಿಲ್ಲಿಸಿತು. ಈಗ ಇರುವುದು ರಿಪೇರಿಯ ಮೇಲೆ ನಡೆಯುವ ಹಳೆಯ ಡೆಕ್ಕುಗಳು ಮಾತ್ರ. ಕ್ಯಾಸೆಟ್ಟಿನ ಕಿಂಡಿಯಲ್ಲಿ ನೋಡಿ, ಟೇಪಿನ ಅಂಚಿಗೆ ಬಿಳಿ ಬೂಸ್ಟು ಹಿಡಿದಿದ್ದರೆ ಯಾವ ಡೆಕ್ಕಿಗೂ ಹಾಕಬೇಡಿ. ಟೇಪೂ ಹಾಳು, ಡೆಕ್ಕೂ ಹಾಳು. ಮೊದಲು ಅದನ್ನು ಸ್ವಚ್ಛ ಮಾಡಬಲ್ಲವರಿಗೆ ತೋರಿಸಿ. ಪರಿವರ್ತನೆ ಮಾಡಿಕೊಡುವ ಸ್ಟುಡಿಯೋ ದುಡ್ಡು ಜಾಸ್ತಿ ಕೇಳುತ್ತದೆ ಅಂತ ಗೊಣಗುವವರಿಗೆ ಒಂದು ಮಾತು. ಮೂರು ತಾಸಿನ ಕ್ಯಾಸೆಟ್ಟು ಇಳಿಸಲು ಮೂರು ತಾಸೇ ಬೇಕು, ಓಡಿಸಿಯೇ ಇಳಿಸಬೇಕು. ಆರು ಕ್ಯಾಸೆಟ್ಟಿಗೆ ನಾವು ಕೊಟ್ಟ ದುಡ್ಡಿಗೆ ಒಂದು ಸಾದಾ ಫೋನ್ ಬರುತ್ತಿತ್ತು. ಮನೆಯವರು ಹಂಚಿಕೊಂಡೆವು.

ಸಿಡಿಗೆ ಅಷ್ಟು ಖರ್ಚಿಲ್ಲ. ಡಿವಿಡಿ ಡ್ರೈವ್ ಇರುವ ಹಳೆಯ ಕಂಪ್ಯೂಟರ್ ಯಾರದ್ದಾದರೂ ಇದ್ದರೆ ಸಾಕು. ವಿಸಿಡಿಯಲ್ಲಿ ಎಂಪಿಇಜಿಎವಿ ಅನ್ನುವ ಫೋಲ್ಡರ್, ಡಿವಿಡಿಯಲ್ಲಿ ವಿಡಿಯೋ_ಟಿಎಸ್ ಅನ್ನುವ ಫೋಲ್ಡರ್ ಇರುತ್ತದೆ. ಅದನ್ನು ಹಾಗೆಯೇ ಕಾಪಿ ಮಾಡಿಕೊಳ್ಳಿ, ವಿಎಲ್‌ಸಿಯಲ್ಲಿ ಓಡುತ್ತದೆ. 64 ಜಿಬಿಯ ಒಂದು ಪೆನ್ ಡ್ರೈವಿನಲ್ಲಿ ಎಂಬತ್ತರಷ್ಟು ವಿಸಿಡಿ ಹಿಡಿಯುತ್ತವೆ. ಡಿವಿಡಿಯಾದರೆ ತುಂಬಿದವು ಹದಿಮೂರು. ಎರಡು ಪೆನ್ ಡ್ರೈವ್ ಮಾಡಿ, ಎರಡು ಮನೆಯಲ್ಲಿಡಿ. ವಾಟ್ಸಾಪಿನಲ್ಲಿ ಕಳಿಸಿದ್ದೇ ಪ್ರತಿ ಅಂದುಕೊಳ್ಳಬೇಡಿ. ಅದು ವಿಡಿಯೋವನ್ನು ಹಿಂಡಿ ಚಿಕ್ಕದು ಮಾಡುತ್ತದೆ, ಫೋನ್ ತುಂಬಿದಾಗ ಮೊದಲು ಡಿಲೀಟ್ ಆಗುವುದೂ ಅದೇ.

ಇನ್ನೊಂದು ಸೂಕ್ಷ್ಮ. ಸಿಕ್ಕಿದ್ದೆಲ್ಲ ಸ್ಟೇಟಸ್‌ಗೆ ಹಾಕುವಂತಿಲ್ಲ. ನಮ್ಮ ರಾಶಿಯಲ್ಲಿ ಒಂದು ಮದುವೆ ಸಿಡಿ ಇತ್ತು, ಆ ಮದುವೆ ಎರಡು ವರ್ಷವೂ ಬಾಳಲಿಲ್ಲ. ನಾವು ಅದನ್ನು ಹಾಕಿ ನೋಡಲಿಲ್ಲ, ಕಾಪಿ ಮಾಡಲಿಲ್ಲ. ಹುಡುಗಿಯ ಕೈಗೆ ಕೊಟ್ಟು ಬಂದೆವು. ಇಟ್ಟುಕೊಂಡಳೋ ಮುರಿದಳೋ ಕೇಳಿಲ್ಲ. ನಾಟಕದ ಪಾತ್ರಧಾರಿಣಿಯರ ವಿಷಯವೂ ಹಾಗೆಯೇ. ಅವರು ಅವತ್ತು ಕುಣಿದದ್ದು ಅಂಗಳದ ಐನೂರು ಜನರ ಮುಂದೆ, ಲೋಕದ ಮುಂದೆ ಅಲ್ಲ. ಕೇಳದೆ ಏರಿಸುವುದು ತಪ್ಪು ಅಂತ ನಾವು ತಿಳಿದಿದ್ದೇವೆ. ಊರವರು ಕೂತು ನೋಡಲಿ, ಅದಕ್ಕೆ ಯಾರ ಅಡ್ಡಿಯೂ ಇರುವುದಿಲ್ಲ.

ಪಂಚಾಯ್ತಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಊರ ನಾಟಕ, ಭಜನೆ, ದೊಡ್ಡಾಟದ ಒಂದು ಪ್ರತಿ ಅಲ್ಲಿ ಯಾಕೆ ಇರಬಾರದು? ಜನಪದ ವಿಶ್ವವಿದ್ಯಾಲಯ ನಮ್ಮ ಜಿಲ್ಲೆಯ ಗೊಟಗೋಡಿಯಲ್ಲೇ ಇದೆ. ಅಂಥ ಸಂಸ್ಥೆಗಳು ಊರೂರಿಗೆ ಒಂದು ಡ್ರೈವ್ ಹಿಡಿದು ಬಂದರೆ ನಾವು ಚಹಾ ಕೊಟ್ಟು ಟ್ರಂಕು ತೆಗೆದು ತೋರಿಸುತ್ತೇವೆ. ಅವರು ಬರುವ ತನಕ ಕಾಯುತ್ತ ಕೂರುವುದು ಮಾತ್ರ ಬೇಡ.

ಹೊರಗೆ ಹಾಕುವುದನ್ನು ಸುಡಬೇಡಿ. ಸಿಡಿ ಗಟ್ಟಿ ಪ್ಲಾಸ್ಟಿಕ್ಕು, ಮೇಲೆ ಅಲ್ಯೂಮಿನಿಯಂ ಲೇಪ. ಸುಟ್ಟರೆ ಹೊಗೆ ನಿಮ್ಮ ಮಕ್ಕಳ ಮೂಗಿಗೇ. ಹೊಲಕ್ಕೆ ಕಟ್ಟುವುದಾದರೆ ಸಿನಿಮಾದ್ದು ಕಟ್ಟಿ. ಎಂಟು ದಿನಕ್ಕೆ ಹಕ್ಕಿಗೆ ರೂಢಿಯಾಗುತ್ತದೆ, ಅದು ಬೇರೆ ಮಾತು. ನಮ್ಮ ಗುಜರಿಯವ ಎರಡು ಗೋಣಿಚೀಲಕ್ಕೆ ಕೊಟ್ಟ ದುಡ್ಡು ಅವನಿಗೇ ಚಹಾ ಕುಡಿಸಲು ಹೋಯಿತು. ಪ್ಲಾಸ್ಟಿಕ್ ಕವರುಗಳನ್ನು ಅವನೂ ಒಲ್ಲೆ ಅಂದ.

ಕೊನೆಗೆ ಉಳಿದದ್ದು 83 ಸಿಡಿ, ಆರು ಕ್ಯಾಸೆಟ್ಟು. ಒಂದು ಸಣ್ಣ ಟ್ರಂಕಿನಲ್ಲಿ ಹಿಡಿದವು. ಅದನ್ನು ಹೊಸ ಮನೆಯ ದೇವರ ಕೋಣೆಯ ಮಾಡದಲ್ಲಿ ಇಡಬೇಕು ಅಂತ ದೊಡ್ಡವ್ವನ ಆಜ್ಞೆ.

ಒಂದು ಬಾಕಿ ಇದೆ. 2006ರಲ್ಲಿ ನಮ್ಮೂರ ಬಸವಣ್ಣನ ಜಾತ್ರೆಯಲ್ಲಿ ಆಡಿದ ನಾಟಕದ ಮೊದಲ ಸಿಡಿ ನಮ್ಮಲ್ಲಿದೆ. ಗೌಡನ ಮಗ ಮನೆ ಬಿಟ್ಟು ಹೊರಡುವಲ್ಲಿಗೆ ಅದು ನಿಲ್ಲುತ್ತದೆ. ಎರಡನೆಯದು ಇಲ್ಲ. ಶೂಟ್ ಮಾಡಿದ ಸ್ಟುಡಿಯೋದವರ ಕಂಪ್ಯೂಟರಿನಲ್ಲೂ ಉಳಿದಿಲ್ಲ. ಪೇಟಿ ಮಾಸ್ತರರು ಒಬ್ಬರೇ ಕೂತು ನುಡಿಸಿದ ಭಾಗ ಅದರಲ್ಲಿತ್ತು ಅಂತ ನೋಡಿದವರು ಹೇಳುತ್ತಾರೆ. ಸುತ್ತಲಿನ ಊರಿನವರು ನೀವು ಇದನ್ನು ಓದುತ್ತಿದ್ದರೆ, ಅಟ್ಟ ಇಳಿಸಿದಾಗ ಕವರಿಲ್ಲದ ಸಿಡಿಗಳನ್ನು ಒಮ್ಮೆ ನೋಡಿ. ಮೇಲೆ ನೀಲಿ ಸ್ಕೆಚ್ ಪೆನ್ನಿನಲ್ಲಿ ‘ಜಾತ್ರಿ ನಾಟಕ 2’ ಅಂತ ಬರೆದಿರುತ್ತದೆ.